ಸಾಬಣ್ಣನ ಭಯಕ್ಕೆ ನಾನು ಬರೆದ ಕರಡು

ಮನುಷ್ಯನ ಮನಸ್ಸು ಸಮುದ್ರಕ್ಕಿಂತ ಆಳವಾದದ್ದೆಂದು ತಿಳಿದವರೆಲ್ಲ ಹೇಳುತ್ತಾರೆ. ಇರಬಹುದು. ಸಮುದ್ರವನ್ನು ನಾನು ನೋಡಿದ್ದು ಒಂದೇ ಸಲ, ಗೋಕರ್ಣದಲ್ಲಿ, ಅದೂ ಸ್ನಾನಕ್ಕಿಳಿದವರ ಚಪ್ಪಲಿ, ಪಂಚೆಗಳನ್ನು ಕಾಯುತ್ತ ದಂಡೆಯ ಮೇಲೆ ಕೂತು. ಮನಸ್ಸಿನ ಆಳದ ವಿಷಯದಲ್ಲೂ ನನ್ನ ಅನುಭವ ಹೆಚ್ಚುಕಡಿಮೆ ಅಷ್ಟೇ. ಇನ್ನೊಬ್ಬರು ಇಳಿದರು, ನಾನು ದಂಡೆಯಲ್ಲಿ ಕೂತು ಟೈಪು ಮಾಡಿದೆ.

ಹೋದ ತಿಂಗಳು ಸೊಲ್ಲಾಪುರದಿಂದ ಬರುವಾಗ ಸೇಡಂ ಕಡೆಯ ಗಾಡಿಗಾಗಿ ವಾಡಿ ಜಂಕ್ಷನ್ನಿನಲ್ಲಿ ಇಳಿದು ಕಾಯಬೇಕಾಯಿತು. ಆಗಷ್ಟೇ ಒಂದು ಮಳೆ ಬಿದ್ದು ನಿಂತಿತ್ತು. ಒದ್ದೆ ಸಿಮೆಂಟಿನ ಧೂಳು, ಬಿಸಿ ಡೀಸೆಲ್ಲು, ಮಿರ್ಚಿ ಭಜಿ ಕರಿದ ಎಣ್ಣೆ ಸೇರಿದ ಇಂಥ ವಾಸನೆ ಭೂಮಿಯ ಮೇಲೆ ಇನ್ನೆಲ್ಲೂ ಇರಲಾರದು. ಇದ್ದರೆ ಆ ಊರಿನವರಿಗೆ ನನ್ನ ಸಂತಾಪಗಳು. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದೊಡನೆ ಎದೆ ಕುಣಿಯತೊಡಗಿತು. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು, ಆ ಒಂದು ಮಳೆಗಾಲ ಹಾಗೆಯೇ ಎದ್ದು ಬಂತು. ನನ್ನ ಇಡೀ ಸೇವಾವಧಿಯಲ್ಲಿ ಕಚೇರಿ ಬಿಟ್ಟೊಡನೆ ಓಡಿದ್ದು ಆ ಮಳೆಗಾಲದಲ್ಲಿ ಮಾತ್ರ.

ಆಗ ನಾನು ಚಿತ್ತಾಪುರದ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ಹೆಂಡತಿ ಪದ್ಮಾವತಿ ವಾಡಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳ ನೌಕರಿ ಇದ್ದ ಊರಲ್ಲಿ ಮನೆ ಮಾಡಿ ನಾನು ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ಬೇರೆ ಊರುಗಳಲ್ಲಿ ಮಳೆ ಬಂದರೆ ಕೆಸರಾಗುತ್ತದೆ. ವಾಡಿಯಲ್ಲಿ ಮಾಳಿಗೆಯ ಮೇಲೆ, ಗಿಡದ ಮೇಲೆ, ಒಣಹಾಕಿ ಮರೆತ ಬನಿಯನ್ನಿನ ಮೇಲೆ ಕೂತ ಸಿಮೆಂಟು ಕಾರ್ಖಾನೆಯ ಧೂಳು ನೆನೆದು ಗಟ್ಟಿಯಾಗುತ್ತಿತ್ತು. ನಮ್ಮ ವೃಂದಾವನದ ತುಳಸಿಗೆ ಪ್ರತಿವರ್ಷ ಸರಕಾರಿ ಗುತ್ತಿಗೆದಾರನೂ ಮಾಡದಷ್ಟು ಒಳ್ಳೆಯ ಗಿಲಾವು ಆಗುತ್ತಿತ್ತು.

ಕಚೇರಿಯಲ್ಲಿ ನನಗಿದ್ದ ಕೀರ್ತಿಯೆಂದರೆ ಕರಡು ಬರೆಯುವುದು. ಕನ್ನಡವಿರಲಿ, ಇಂಗ್ಲಿಷಿರಲಿ, ಎಂಥ ಸರಳ ಸಂಗತಿಯನ್ನೂ ನಾನು ಪೂರ್ಣವಿರಾಮವಿಲ್ಲದೆ ಒಂದು ಪುಟ ಎಳೆಯಬಲ್ಲವನಾಗಿದ್ದೆ. ನನ್ನ ಕರಡಿಗೆ ಕೆಂಪು ಶಾಯಿ ಹಾಕಿದ ಅಧಿಕಾರಿ ಇನ್ನೂ ಹುಟ್ಟಿಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಓದಿದ ಅಧಿಕಾರಿಯೂ ಹುಟ್ಟಿಲ್ಲ ಎಂದು ಪದ್ಮಾವತಿ ಸೇರಿಸುತ್ತಿದ್ದಳು.

ನಮ್ಮ ಪಕ್ಕದ ಮನೆ ಸಾಬಣ್ಣನದು. ಗೂಡ್ಸ್ ಗಾಡಿಯ ಡ್ರೈವರ್. ಕಾಗಿಣಾ ದಂಡೆಯ ಮನೆತನ. ಅಪ್ಪ, ಅಜ್ಜ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸಿದವರು. ಇವನು ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ತಾಂಡೂರಿನವರೆಗೆ ಸಿಮೆಂಟು ದಾಟಿಸುತ್ತಿದ್ದ. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವನು ಮನೆಯಲ್ಲಿ ಗುಟ್ಟು ಹೇಳಿದರೆ ನಮ್ಮ ಮನೆಯಲ್ಲಿ ರೇಡಿಯೊ ಸಣ್ಣ ಮಾಡಬೇಕಾಗಿರಲಿಲ್ಲ.

ಆ ಆಷಾಢದ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಸೇಡಂ ಇನ್ನೂ ಮುಂದಿರುವಾಗ, ಕಾವಲುಗಾರನಿಲ್ಲದ ಗೇಟೊಂದರಲ್ಲಿ ಮೇವಿನ ಬಂಡಿಯ ಗಾಲಿ ಹಳಿಯ ನಡುವೆ ಸಿಕ್ಕಿಕೊಂಡಿತ್ತು. ಬಂಡಿಯ ಮೇಲೆ ಒಬ್ಬ ಮುದುಕ. ಸಾಬಣ್ಣ ಬ್ರೇಕ್ ಎಳೆದ. ಸಿಮೆಂಟು ತುಂಬಿದ ಗಾಡಿ ನಿಲ್ಲು ಎಂದಕೂಡಲೇ ನಿಲ್ಲುವಂಥದಲ್ಲ. ಅದು ಕಿರುಚುತ್ತ, ಕಿಡಿಯಾಡಿಸುತ್ತ ಹೋಗಿ ಹೋಗಿ, ಬಂಡಿಯ ಮೇವು ಎಂಜಿನ್ನಿನ ಮೂತಿಗೆ ತಾಗುವಷ್ಟರಲ್ಲಿ ನಿಂತಿತು. ಮುದುಕ ಇಳಿದು ಗಾಲಿ ಬಿಡಿಸಿಕೊಂಡು ಎಂಜಿನ್ ಕಡೆ ಮುಖವೆತ್ತಿ, "ನಿಮಗ ತಡಾ ಆತೇನ್ರಿ?" ಎಂದು ಕೇಳಿದನಂತೆ.

ಈ ಕತೆಯನ್ನು ಸಾಬಣ್ಣ ಸ್ಟೇಷನ್ನಿನ ಚಹಾ ಅಂಗಡಿಯಲ್ಲಿ, ಹಜಾಮತಿಗೆ ಕೂತಲ್ಲಿ, ನಮ್ಮ ಕಟ್ಟೆಯ ಮೇಲೆ, ಮುದುಕನ ದನಿ ತೆಗೆದು ಹೇಳಿ ಹೇಳಿ ಎಲ್ಲರನ್ನೂ ನಗಿಸಿದ. ಆಮೇಲೆ ಒಂದು ದಿನ ಹೇಳುವುದನ್ನು ನಿಲ್ಲಿಸಿದ. ಅದರ ಮುಂದಿನ ವಾರ ರಜೆ ಹಾಕಿದ. ಮಾಳಿಗೆ ಸೋರುತ್ತದೆ, ರಿಪೇರಿ ಮಾಡಿಸಬೇಕು ಎಂಬುದು ಕಾರಣ. ವಾಡಿಯಲ್ಲಿ ಸೋರುವ ಮಾಳಿಗೆ! ನನಗೆ ಆಗಲೇ ಸಂಶಯ ಬರಬೇಕಿತ್ತು.

ಅವನ ಹೆಂಡತಿ ಮಹಾದೇವಿ ಒಂದು ಭಾನುವಾರ ಮಧ್ಯಾಹ್ನ ಬಂದು ಅಡಿಗೆಮನೆಯ ಬಾಗಿಲಲ್ಲಿ ಕೂತಳು. ನಾನು ಒಳಗೆ ಊಟಕ್ಕೆ ಕೂತಿದ್ದೆ.

"ಅಕ್ಕಾರ, ಕುಕ್ಕರ್ ಸೀಟಿ ಹೊಡೀತಂದ್ರ ಇವರು ಎದ್ದು ನಿಂದರ್ತಾರ. ಉಣ್ಣೋ ಗಂಗಾಳ ಕೈಯಾಗ ಹಂಗೇ ಇರ್ತದ. ನಾ ಕುಕ್ಕರ್ ಇಡೋದೇ ಬಿಟ್ಟೀನಿ. ಬ್ಯಾಳಿ ಬೇಯಲಿಕ್ಕೆ ಅರ್ಧ ದಿನ ಬೇಕು. ಅದಿರ್ಲಿ, ರಜಾ ಹಾಕೋ ಮೊದಲ ಒಂದಿನ ಡ್ಯೂಟಿಗಿ ಹೋಗ್ತೀನಂತ ಹೊಂಟು, ಇಂಜಿನ್ ತನಕ ಹೋಗಿ, ಪಾವಟಿಗಿ ಮ್ಯಾಲ ಕಾಲಿಟ್ಟು, ಜ್ವರ ಅಂತ ಹೇಳಿ ಹೊಳ್ಳಿ ಬಂದಾರ. ಮೈಯೆಲ್ಲ ಬೆವರು. ಮಳಿ ಹೊಡ್ಯಾಕತ್ತದ, ಇವರಿಗಿ ಬೆವರು!"

"ಏನೂ ಆಗಿಲ್ಲಲ್ಲವ್ವಾ ಅವತ್ತ?" ಎಂದೆ ನಾನು.

"ಅದೇ ಅಣ್ಣಾರ. ಎಲ್ಲಾರೂ ಅದೇ ಅಂತಾರ. ಏನೂ ಆಗಿಲ್ಲ ಅಂದಮ್ಯಾಲ ಇವರಿಗಿ ಅಂಜಲಿಕ್ಕೂ ಹಕ್ಕಿಲ್ಲದಂಗ ಆಗ್ಯದ."

ನಾನು ಮಜ್ಜಿಗೆ ಕುಡಿದೆ.

ಉಪಾಯಗಳು ಅಷ್ಟರಲ್ಲಾಗಲೇ ನಡೆದಿದ್ದವು. ದರ್ಗಾದ ದಾರ ಎಡಗೈಯಲ್ಲಿತ್ತು. ಪದ್ಮಾವತಿ ಕೊಟ್ಟ ಮಂತ್ರಾಕ್ಷತೆ ಅಂಗಿಯ ಜೇಬಿನಲ್ಲಿತ್ತು. ಉಳಿದದ್ದು ರೇಲ್ವೆ ಡಾಕ್ಟರು. ಆ ಹೆಸರೆತ್ತಿದರೆ ಸಾಬಣ್ಣ ಕೈ ಮುಗಿಯುತ್ತಿದ್ದ.

"ಬ್ಯಾಡ್ರಿ ರಾಯರ. ಡಾಕ್ಟರ್ ಮುಂದ ಬಾಯಿ ಬಿಟ್ಟೆ ಅಂದ್ರ ಇಂಜಿನ್ ಹೋತು. ಆಮ್ಯಾಲ ನನಗ ಯಾವುದರ ಆಫೀಸಿನ ಮೂಲ್ಯಾಗ ಸ್ಟೂಲ್ ಮ್ಯಾಲ ಕೂಡಸ್ತಾರ. ನಮ್ಮಪ್ಪ ಸಾಯೋತನ ನೀರಿಗಿ ಅಂಜಿಲ್ಲ. ನಾ ಹಳಿಗಿ ಅಂಜೀನಿ ಅಂತ ಊರಾಗ ಗೊತ್ತಾದ್ರ ಹ್ಯಾಂಗ?"

ರಜೆ ಗಣಪತಿ ಹಬ್ಬದ ಮರುದಿನ ಮುಗಿಯುವುದಿತ್ತು. ಅಂದು ಅವನು ಎಂಜಿನ್ ಹತ್ತಲೇಬೇಕು.

ಇಂಥ ಹೊತ್ತಿನಲ್ಲಿ ನಮ್ಮ ನೆರವಿಗೆ ಬಂದವನು ಮಕ್ಬೂಲ್. ಸ್ಟೇಷನ್ ರಸ್ತೆಯಲ್ಲಿ ಅವನ ಎಸ್‌ಟಿಡಿ ಬೂತು. ಆ ವರ್ಷ ಅದರೊಳಗೆ ಎರಡು ಕಂಪ್ಯೂಟರು ತಂದಿಟ್ಟು, ಹೊರಗೆ 'ಇಂಟರ್‌ನೆಟ್' ಎಂದು ಬೋರ್ಡು ಬರೆಸಿದ್ದ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಿಟ್ಟರೆ ಅಲ್ಲಿಗೆ ಬರುತ್ತಿದ್ದವರು ಕಂಪ್ಯೂಟರು ನೋಡುವವರೇ ಹೊರತು ಬಳಸುವವರಲ್ಲ. ಜೆರಾಕ್ಸ್ ಮಾಡಿಸಲು ಹೋದ ನನಗೆ ಮಕ್ಬೂಲ್ ಸ್ವರ ಇಳಿಸಿ ಹೇಳಿದ:

"ಸಾಬ್, ಇದರಾಗ ದಿಲ್‌ದಿಮಾಗದ ಡಾಕ್ಟರ್ ಸಿಗ್ತಾರ. ಪುಣೆದಾಗ ಒಬ್ರು ಮೇಡಮ್. ಸಂಜಿ ಏಳಕ್ಕ ಕೂಡ್ತಾರ. ಗಂಡ ಹೆಂಡ್ತಿ ಜಗಳ, ಟೆನ್ಶನ್, ನೌಕರಿ ಹೋಗಿದ್ದು, ಏನರ ಇರ್ಲಿ, ಬರದ್ರ ಅಲ್ಲಿಂದ ತುರತ್ ಜವಾಬ್ ಬರ್ತದ. ಹೆಸರು ಕೇಳಂಗಿಲ್ಲ, ಊರು ಕೇಳಂಗಿಲ್ಲ. ಪುಕಟ್."

ಹೆಸರು ಕೇಳದ, ಊರು ಕೇಳದ ಡಾಕ್ಟರು! ಸಾಬಣ್ಣನಿಗೆ ಇದಕ್ಕಿಂತ ಬೇಕಾದದ್ದೇನು? ಅವನಿಗೆ ಇಂಗ್ಲಿಷು ಬರದು, ಟೈಪಿಂಗು ಬರದು. ನನಗೆ ಎರಡೂ ಬರುತ್ತವೆ. ಟೈಪಿಂಗಿನಲ್ಲಿ ಸೀನಿಯರ್ ಗ್ರೇಡು ಪಾಸಾದವನು. ಲಿಪಿಕಾರನ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ, ಯಾರೂ ಕೊಡುವ ಮೊದಲೇ.

ಮೊದಲ ಸಂಜೆಯನ್ನು ಹೇಗೆ ವರ್ಣಿಸಲಿ? ಗೌಪ್ಯತೆಗಾಗಿ ಮಕ್ಬೂಲ್ ಕಂಪ್ಯೂಟರಿಗೆ ಒಂದು ಹೂವಿನ ಚಾದರದ ಪರದೆ ಕಟ್ಟಿದ್ದ. ವಾಡಿಯಂಥ ಊರಲ್ಲಿ ಎಲ್ಲಾದರೂ ಪರದೆ ಕಟ್ಟಿದರೆ ಅದರ ಹೊರಗೆ ಹತ್ತು ಜನ ನಿಲ್ಲುತ್ತಾರೆಂಬುದು ಅವನ ಲೆಕ್ಕದಲ್ಲಿರಲಿಲ್ಲ. ಒಳಗೆ ನಾನು, ಸಾಬಣ್ಣ. ಮೋಡೆಮ್ಮು ಗಂಟಲಿಗೆ ಏನೋ ಸಿಕ್ಕಿಕೊಂಡ ಕೋಳಿಯಂತೆ ಕೂಗಿ, ಕೆಮ್ಮಿ, ಕೊನೆಗೆ ಒಪ್ಪಿಕೊಂಡಿತು. ಕಂಪ್ಯೂಟರಿನ ಗಾಜಿನ ಮೇಲೆ ಪುಟ್ಟ ಕಿಟಕಿ ತೆರೆದು, ಅದರಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು: ನಮಸ್ಕಾರ, ನಾನು ನಿಮ್ಮ ಆಪ್ತಸಲಹೆಗಾರ್ತಿ, ಹೇಗಿದ್ದೀರಿ?

"ರಾಯರ! ಈಗ, ಈ ಗಳಿಗ್ಯಾಗ ಬರಿಲಿಕತ್ತಾರ ಅವರು? ಪುಣೆದಾಗ ಕುಂತು?" ಸಾಬಣ್ಣ ನನ್ನ ಭುಜ ಹಿಡಿದ ರಭಸಕ್ಕೆ ನನ್ನ ಮೊದಲ ಉತ್ತರ ಬರಿಯ ವ್ಯಂಜನಗಳಿಂದ ಕೂಡಿತ್ತು.

ಸಾವರಿಸಿಕೊಂಡು ನಾನು ಕರಡು ಶುರುಮಾಡಿದೆ. ಕನ್ನಡಕ್ಕೆ ತಂದರೆ ಅದು ಹೀಗಿತ್ತು: 'ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಕೆಳಗೆ ಸಹಿ ಮಾಡಿದವನು ಸಂಚಾರ ಕರ್ತವ್ಯದಲ್ಲಿರುವಾಗ ಒಂದು ಅಡಚಣೆ ಎದುರಾಗಿ, ಸದರಿ ಅಡಚಣೆಯು ನಿಯಮಾನುಸಾರ ನಿವಾರಣೆಯಾಗಿದ್ದರೂ ಸಹ, ತದನಂತರ ಕರ್ತವ್ಯಕ್ಕೆ ಹಾಜರಾಗಲು ಸಾಧ್ಯವಾಗದಿರುವುದರಿಂದ, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.'

ಪುಣೆಯಿಂದ ಬಂತು: ಆ ಹೊತ್ತಿನಲ್ಲಿ ನಿಮಗೆ ಏನನ್ನಿಸಿತು?

"ಏನನಸ್ತದ? ಎದಿ ಧಸಕ್ಕಂತು. ಕಾಲಾಗಿನ ಶಕ್ತಿ ಹಾರಿ ಹೋತು. ಸತ್ತ ಮುದುಕ ಅಂದೆ," ಎಂದ ಸಾಬಣ್ಣ.

ನಾನು ಬರೆದೆ: 'ತತ್ಸಮಯದಲ್ಲಿ ಹೃದಯ ಮತ್ತು ಕಾಲುಗಳ ಭಾಗದಲ್ಲಿ ಅಲ್ಪ ಪ್ರಮಾಣದ ಅಸೌಖ್ಯ ಕಂಡುಬಂದಿರುತ್ತದೆ.'

ಪುಣೆಯಿಂದ ಉತ್ತರ: ದಯವಿಟ್ಟು ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ.

ಆದರೂ ನಾವು ಸೋಲಲಿಲ್ಲ. ವಾರಕ್ಕೆ ಎರಡು ಸಂಜೆ, ಚಿತ್ತಾಪುರದಿಂದ ಗಾಡಿ ಇಳಿದವನು ಮನೆಗೆ ಹೋಗದೆ ನೇರ ಮಕ್ಬೂಲನ ಅಂಗಡಿಗೆ ಹೋಗುತ್ತಿದ್ದೆ. ಕಚೇರಿಯಲ್ಲಿ ಕೂತೇ ಆ ದಿನದ ಕರಡನ್ನು ಮನಸ್ಸಿನಲ್ಲಿ ತೀಡುತ್ತಿದ್ದೆ. ಗಾಡಿ ತಡವಾದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಸಿಗ್ನಲ್ಲಿಗೆ ಬಯ್ಯುತ್ತಿದ್ದೆ. ಮಳೆಯಲ್ಲಿ ತೊಗರಿ ಹೊಲಗಳು ಕಣ್ಣೆದುರೇ ಮೊಣಕಾಲುದ್ದ ಬೆಳೆದವು. ಪರದೆಯ ಹೊರಗಿನ ಮಂಡಳಿಯೂ ಬೆಳೆಯಿತು. ಒಳಗೆ ಮೇಡಮ್ ಪ್ರಶ್ನೆ ಕೇಳಿದರೆ ಹೊರಗಿನಿಂದಲೇ ಉತ್ತರ ಬರುತ್ತಿತ್ತು: "ನಿದ್ದಿ ಬರ್ತದಾ ಅಂತ ಕೇಳ್ಯಾರಾ? ಬರಂಗಿಲ್ಲ ಅಂತ ಬರೀರಿ ರಾಯರ, ರಾತ್ರಿಯೆಲ್ಲ ಅಂಗಳದಾಗ ಅಡ್ಡಾಡ್ತಾನ, ನಾ ನೋಡೀನಿ." ಹೆಸರು ಕೇಳದ ಡಾಕ್ಟರ ಗೌಪ್ಯತೆ ಪುಣೆಯ ಕಡೆಯಿಂದ ಪೂರ್ಣವಾಗಿ ಪಾಲನೆಯಾಯಿತು, ವಾಡಿಯ ಕಡೆಯಿಂದ ಅಷ್ಟಾಗಿ ಆಗಲಿಲ್ಲ. ಆದರೆ ಒಂದು ಮಾತು ಹೇಳಬೇಕು. ಹಾಗೆ ನಿಂತು ಕೇಳಿದವರಲ್ಲಿ ರೇಲ್ವೆಯವರೇ ಹೆಚ್ಚು; ಒಬ್ಬನೂ ಅದನ್ನು ಸಾಹೇಬರ ಕಿವಿಗೆ ಹಾಕಲಿಲ್ಲ.

ಮೇಡಮ್ ಒಂದೊಂದು ಸಲ ಒಂದೊಂದು ಅಭ್ಯಾಸ ಕೊಡುತ್ತಿದ್ದರು. ಸಾಬಣ್ಣ ಅದನ್ನು ಸಿಗ್ನಲ್ ಪಾಲಿಸಿದಷ್ಟೇ ನಿಷ್ಠೆಯಿಂದ ಪಾಲಿಸುತ್ತಿದ್ದ. ಆದರೆ ಅಭ್ಯಾಸಗಳು ಸ್ವಲ್ಪ ವಿಚಿತ್ರವಾಗಿದ್ದವು. 'ಕಚೇರಿಯ ಕೆಲಸವನ್ನು ಮನೆಗೆ ತರಬೇಡಿ' ಎಂದು ಬಂದ ದಿನ ಅವನು ಬಹಳ ಯೋಚಿಸಿದ.

"ಇಂಜಿನ್ ಮನೀಗಿ ಹ್ಯಾಂಗ್ ತರ್ತೀನ್ರಿ ರಾಯರ ನಾ?"

"ಅವರು ಹೇಳ್ಯಾರಂದ್ರ ಏನರ ಅರ್ಥ ಇರ್ತದಪಾ," ಎಂದೆ.

ಮುಂದಿನ ಸಲ: 'ದಿನಕ್ಕೊಮ್ಮೆಯಾದರೂ ಪತ್ರಿಕೆಯನ್ನು ಕೆಳಗಿಟ್ಟು ಹೆಂಡತಿಯ ಮುಖ ನೋಡಿ ಮಾತಾಡಿ.' ಸಾಬಣ್ಣನಿಗೆ ಪತ್ರಿಕೆ ಓದುವ ರೂಢಿ ಇರಲಿಲ್ಲ. ಆದ್ದರಿಂದ, ಕೆಳಗಿಡಲು ಅನುಕೂಲವಾಗಲೆಂದು, ನಾನು ನನ್ನ ಪತ್ರಿಕೆಯನ್ನೇ ಕೊಡತೊಡಗಿದೆ. ಅವನು ದಿನಾ ಸಂಜೆ ಅದನ್ನು ಮುಖದೆದುರು ಹಿಡಿದು, ಸ್ವಲ್ಪ ಹೊತ್ತಾದ ಮೇಲೆ ಗಂಭೀರವಾಗಿ ನೆಲಕ್ಕಿಟ್ಟು, ಮಹಾದೇವಿಯ ಮುಖವನ್ನು ದಿಟ್ಟಿಸುತ್ತಿದ್ದ. ಅವಳು ಹೆದರಿ ನಮ್ಮ ಮನೆಗೆ ಓಡಿಬಂದಳು.

"ಅಕ್ಕಾರ, ಪೇಪರದಾಗ ಏನು ಬಂದದ್ರಿ? ಓದತಾರ, ಇಡತಾರ, ನನ್ನ ಮಾರಿ ನೋಡತಾರ. ಯಾರಿಗೇನಾಗ್ಯದ?"

ಪದ್ಮಾವತಿ ಅವಳನ್ನು ಕೂಡಿಸಿ, ಇಲ್ಲಿಯವರೆಗೆ ಬಂದ ಸಲಹೆಗಳನ್ನೆಲ್ಲ ನನ್ನಿಂದ ಕೇಳಿದಳು. ಮೇಲಧಿಕಾರಿಯ ಮೆಚ್ಚುಗೆಗಾಗಿ ಬದುಕಬೇಡಿ. ಎಲ್ಲವೂ ನಿಯಮದಂತೆ ನಡೆಯಬೇಕೆಂದು ಹಟ ಹಿಡಿಯಬೇಡಿ. ಮನೆಯವರು ಹಾಸ್ಯ ಮಾಡಿದರೆ ತಿದ್ದಬೇಡಿ, ನಗಿ. ಕೇಳುತ್ತ ಕೇಳುತ್ತ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮುಚ್ಚಿಕೊಳ್ಳಲಾಗದೆ ಗೋಡೆಗೆ ಒರಗಿ ನಕ್ಕಳು.

"ಏನಾತು?" ಎಂದೆ ನಾನು, ಯಥಾಶಕ್ತಿ ಗಾಂಭೀರ್ಯದಿಂದ.

"ಅಲ್ರೀ, ಆ ಬಾಯಾರು ಭಾಳ ಶ್ಯಾಣ್ಯಾರಿದ್ದಾರ! ಕುಂತಲ್ಲೇ ಕುಂತು, ಮಾರಿ ನೋಡಲಾರದ, ನಿಮ್ಮ ರೋಗ ಹಿಡದಾರ ನೋಡ್ರಿ. ನೀವು ಬರದದ್ದು ಓದಿ ಅವರು ನಿಮಗ ಔಷಧ ಕೊಡ್ಲಿಕತ್ತಾರ. ಪಾಪ, ಕುಡ್ಯಾಕತ್ತಾಂವ ಸಾಬಣ್ಣ!"

ಮಹಾದೇವಿ ಕೂಡ ನಕ್ಕಳು, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸಾಬಣ್ಣನೂ ನಕ್ಕ. ಎಷ್ಟೋ ವಾರಗಳ ಮೇಲೆ ಅವನ ಆ ದೊಡ್ಡ ನಗು ನಮ್ಮ ಮಾಳಿಗೆಯನ್ನು ನಡುಗಿಸಿತು. ನನಗೆ ಅವಮಾನವಾಗಬೇಕಿತ್ತು. ಆಗಿತ್ತು ಕೂಡ. ಆದರೆ ಆ ನಗು ಕೇಳಿ ಅದನ್ನು ಮುಂದಕ್ಕೆ ಹಾಕಿದೆ.

ನಗು ನಿಂತಮೇಲೆ ಸಾಬಣ್ಣ ಹೊಸ್ತಿಲ ಮೇಲೆ ಕೂತ.

"ವೈನಿ, ನಗೋದು ಖರೇ. ಆದ್ರ ಗಣಪತಿ ಬಂದೇ ಬಿಟ್ಟ. ನಾ ಇನ್ನಾ ಏನೂ ಹೇಳೇ ಇಲ್ಲ ಅವರಿಗಿ."

"ಹಂಗಾದ್ರ ನೀನೇ ಹೇಳಪಾ. ಇವರ ಬಾಯಿಲೆ ಯಾಕ?" ಎಂದಳು ಪದ್ಮಾವತಿ.

"ಇಂಗ್ಲಿಷ್ ಎಲ್ಲಿಂದ ತರಲಿ?"

"ರೇಲ್ವೆದಾಂವ ಇದ್ದಿ. ಹಿಂದಿ ಬರ್ತದಿಲ್ಲ? ಪುಣೆದವರಿಗೂ ಬರ್ತದ."

ಇಷ್ಟು ಸರಳವಾದ ದಾರಿ ಇಷ್ಟು ದಿನ ಯಾರಿಗೂ ಕಾಣಿಸದೆ ಇದ್ದುದಕ್ಕೆ ನನ್ನ ಇಂಗ್ಲಿಷು ಅಡ್ಡ ನಿಂತದ್ದೇ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ.

ಹಬ್ಬದ ಹಿಂದಿನ ಸಂಜೆ. ಸ್ಟೇಷನ್ ರಸ್ತೆಯಲ್ಲಿ ಗಣಪತಿಯ ಮಂಟಪ ಎದ್ದಿತ್ತು, ಮೈಕು ಕಿರಿಚುತ್ತಿತ್ತು, ಮಳೆ ತೋರಣ ಹರಿದು ಬಿಸಾಡುತ್ತಿತ್ತು. ಮಕ್ಬೂಲ್ ಕೀಬೋರ್ಡಿಗೆ ಕೂತ. ಸಾಬಣ್ಣ ಹಿಂದಿಯಲ್ಲಿ ಹೇಳಿದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳಿದ ಹಾಗೇ ಹೊಡೆಯುವುದು. ಒಂದು ಶಬ್ದ ಸೇರಿಸಬಾರದು, ಒಂದು ಬಿಡಬಾರದು. ನನ್ನನ್ನು ಪರದೆಯ ಹೊರಗೆ, ಮಂಡಳಿಯ ಸಾಲಿಗೆ ವರ್ಗ ಮಾಡಲಾಯಿತು. ಪದ್ಮಾವತಿ, ಮಹಾದೇವಿ ಜೆರಾಕ್ಸ್ ಯಂತ್ರದ ಪಕ್ಕ ಕೂತರು.

"ಮೇಡಮ್, ಇದುವರೆಗೆ ಬರೆದವರು ನಮ್ಮ ಪಕ್ಕದ ಮನೆಯ ರಾಯರು. ಒಳ್ಳೆಯವರು. ಈಗ ನಾನೇ ಹೇಳುತ್ತೇನೆ," ಎಂದು ಅವನು ಹಿಂದಿಯಲ್ಲಿ ಆರಂಭಿಸಿದ. ಮಕ್ಬೂಲ್ ಎರಡು ಬೆರಳಲ್ಲಿ ಟಕಟಕ ಕುಟ್ಟಿದ.

ಪುಣೆಯಿಂದ ಬಂದದ್ದನ್ನು ಮಕ್ಬೂಲ್ ಗಟ್ಟಿಯಾಗಿ ಓದಿದ: "ಥ್ಯಾಂಕ್ ಗಾಡ್, ಅಂತ ಬರದಾರ."

ಹೊರಗೆ ಯಾರೋ ಕಿಸಕ್ಕೆಂದರು. ಪದ್ಮಾವತಿ ನನ್ನ ಕಡೆ ನೋಡಲಿಲ್ಲ. ಅಷ್ಟು ದಯೆ ಅವಳಿಗಿತ್ತು.

ಸಾಬಣ್ಣ ಗೇಟು ಹೇಳಿದ, ಬಂಡಿ ಹೇಳಿದ, ಬ್ರೇಕು ಹೇಳಿದ. ಆಗ ಲೈನು ಕಡಿಯಿತು. ಮಕ್ಬೂಲ್ ಮತ್ತೆ ಡಯಲ್ ಮಾಡಿದ. ಮೋಡೆಮ್ಮು ಕೂಗಿ ಕೂಗಿ ಕೈಬಿಟ್ಟಿತು. ಅದೇ ಹೊತ್ತಿಗೆ ಸುಲೇಪೇಟದ ಒಬ್ಬ ವ್ಯಾಪಾರಿ ಕೊಡೆ ಮಡಚುತ್ತ ಬಂದು ಫೋನು ಎತ್ತಿಕೊಂಡ. ಅಂಗಡಿಯಲ್ಲಿದ್ದದ್ದು ಒಂದೇ ಲೈನು. ಅವನು ಫೋನು ಎತ್ತಿದರೆ ಪುಣೆ ಬಂದ್.

"ಇಡ್ರಿ ಇಡ್ರಿ! ಫೋನ್ ಇಡ್ರಿ!" ಎಂದು ಇಡೀ ಮಂಡಳಿ ಒಮ್ಮೆಲೇ ಕೂಗಿತು.

"ಯಾಕ್ರಿ? ತೊಗರಿ ರೇಟ್ ಕೇಳೋದದ ನನಗ."

"ತೊಗರಿ ಎಲ್ಲೂ ಓಡಿ ಹೋಗಂಗಿಲ್ಲ. ಒಳಗ ಒಬ್ಬ ಮನುಷ್ಯಾ ಅದಾನ ಲೈನ್ ಮ್ಯಾಲ. ಕುಂದ್ರಿ!"

ವ್ಯಾಪಾರಿ ಅಪ್ರತಿಭನಾಗಿ ಕೂತ. ಯಾರೋ ಅವನ ಕೈಗೆ ಚಹಾ ಕೊಟ್ಟರು. ಮತ್ತೆ ಡಯಲ್, ಮತ್ತೆ ಕೋಳಿಯ ಕೂಗು. ಕಿಟಕಿ ತೆರೆಯಿತು! ಮೇಡಮ್ ಅಲ್ಲೇ ಇದ್ದರು. ಹೇಳಿ, ನಾನು ಕಾಯುತ್ತಿದ್ದೇನೆ ಎಂದು ಬರೆದಿದ್ದರು.

ಸಾಬಣ್ಣನದೆಂದು ನಂಬಲಾಗದ ಒಂದು ಸಣ್ಣ ದನಿ ಪರದೆಯ ಒಳಗಿಂದ ಬಂತು.

"ಆಂಖ್ ಬಂದ್ ಕಿಯಾ ಥಾ ಮೈ."

ಮಕ್ಬೂಲನ ಬೆರಳು ನಿಂತಿತು. "ಬರೀಲೇನು ಸಾಬಣ್ಣ?"

"ಬರಿ. ಎಲ್ಲಾರಿಗೂ ಮುದುಕನ ಮಾತು ಹೇಳಿ ನಗಿಸೀನಿ. ಇದು ಯಾರಿಗೂ ಹೇಳಿಲ್ಲ. ಬ್ರೇಕ್ ಎಳದ ಮ್ಯಾಲ ನಾ ಕಣ್ಣು ಮುಚ್ಚಿದೆ. ಗಾಡಿ ನಿಲ್ಲೋತನಕ ತೆಗೀಲಿಲ್ಲ. ಕಣ್ಣು ಮುಚ್ಚೋ ಡ್ರೈವರ್ ಡ್ರೈವರ್ ಹ್ಯಾಂಗಾದಾನು? ನಾಳೆ ಮತ್ತ ಮುಚ್ಚಿದ್ರ? ಇದು ಬರಿ."

ಮಹಾದೇವಿ ಎದ್ದು ಪರದೆಯ ಹತ್ತಿರ ಹೋಗಿ ನಿಂತಳು, ಒಳಗೆ ಹೋಗಲಿಲ್ಲ.

ಪುಣೆಯಿಂದ ಒಂದು ಪ್ರಶ್ನೆ ಬಂತು. ಬ್ರೇಕ್ ಎಳೆದ ಮೇಲೆ ಡ್ರೈವರನ ಕೈಯಲ್ಲಿ ಮಾಡುವುದೇನಾದರೂ ಉಳಿದಿರುತ್ತದೆಯೆ?

"ಏನೂ ಇರಂಗಿಲ್ಲ. ಹಾರ್ನ್ ಅಷ್ಟೇ."

ಹಾರ್ನು ಹೊಡೆಯುತ್ತಿದ್ದಿರಾ?

ಸಾಬಣ್ಣ ತನ್ನ ಬಲಗೈಯನ್ನು ತಾನೇ ನೋಡಿಕೊಂಡನಂತೆ; ಮಕ್ಬೂಲ್ ಆಮೇಲೆ ಹೇಳಿದ.

"ಹೊಡೀತಿದ್ದೆ. ಬಿಟ್ಟಿಲ್ಲ. ಗಾಡಿ ನಿಂತ ಮ್ಯಾಲ ನಮ್ಮ ಅಸಿಸ್ಟೆಂಟ್ ಬಂದು ಕೈ ಬಿಡಿಸ್ಯಾನ."

ಹಾಗಾದರೆ, ಎಂದು ಮೇಡಮ್ ಬರೆದರು, ಕಣ್ಣಿಗೆ ಕೆಲಸವಿಲ್ಲದಾಗ ಕಣ್ಣು ಮುಚ್ಚಿತು. ಕೆಲಸವಿದ್ದ ಕೈ ಕೆಲಸ ಬಿಡಲಿಲ್ಲ.

ಮಕ್ಬೂಲ್ ಇದನ್ನು ಎರಡು ಸಲ ಓದಿದ. ಒಮ್ಮೆ ಹಿಂದಿಯಲ್ಲಿ, ಒಮ್ಮೆ ಕನ್ನಡದಲ್ಲಿ. ಒಳಗೆ ಕುರ್ಚಿ ಕಿರುಗುಟ್ಟಿತು. ಸಾಬಣ್ಣ ಅಳುತ್ತಿದ್ದ, ಅದನ್ನೂ ದೊಡ್ಡ ದನಿಯಲ್ಲೇ. ಗಣಪತಿಯ ಮೈಕಿನವರು ಕೂಡ ಹಾಡು ನಿಲ್ಲಿಸಿ ಇತ್ತ ನೋಡಿದರು. ನನಗೆ ಕುಣಿಯಬೇಕೆನಿಸಿತು. ಹುದ್ದೆಯ ಘನತೆ ಅಡ್ಡ ಬಂದು ಚಪ್ಪಲಿ ಸರಿಪಡಿಸಿಕೊಂಡೆ.

ಆದರೆ ಮೇಡಮ್ ಇನ್ನೂ ಮುಗಿಸಿರಲಿಲ್ಲ. ಕೊನೆಗೆ ಬರೆದದ್ದು ಹೀಗೆ: ಹೇಳದೆ ಎಂಜಿನ್ ಹತ್ತಬೇಡಿ. ನನಗೆ ಹೇಳಿದ ಹಾಗೆಯೇ ನಿಮ್ಮ ಮೇಲಿನವರಿಗೂ, ರೇಲ್ವೆಯ ಡಾಕ್ಟರಿಗೂ ಹೇಳಿ. ನಿಮ್ಮ ಹಿಂದೆ ಇಡೀ ಗಾಡಿ ಇರುತ್ತದೆ.

ಸಾಬಣ್ಣ ಪರದೆ ಸರಿಸಿ ಹೊರಬಂದ. ಕಣ್ಣು ಕೆಂಪು, ಮುಖ ಅದಕ್ಕಿಂತ ಕೆಂಪು.

"ಇದೇನ್ರಿ ಇದು? ಹೇಳಬಾರ್ದು ಅಂತನೇ ಇಲ್ಲಿಗಿ ಬಂದದ್ದು. ಹೋಗಿ ಹೇಳು ಅಂತಾರ! ಇಂಜಿನ್ ಹೋದ್ರ ಪುಣೆದವರು ಕೊಡ್ತಾರ?"

ಮಹಾದೇವಿ ಅವನ ಭುಜದ ಮೇಲಿನ ಟವೆಲ್ಲು ತೆಗೆದು ಅವನ ಮುಖ ಒರೆಸಿದಳು, ಅಷ್ಟು ಜನರ ಮುಂದೆ.

"ಹೋದ್ರ ಹೋಗ್ಲಿ. ಇಲ್ಲಿ ಇಷ್ಟ್ ಮಂದಿ ಮುಂದ ಹೇಳಿದ್ರಿ, ಆಕಾಶ ಬಿತ್ತಾ? ನಡೀರಿ ಮನೀಗಿ. ಇವತ್ತ ಕುಕ್ಕರ್ ಇಡ್ತೀನಿ. ಎದ್ದು ನಿಂತ್ರ ನಿಂದರ್ರಿ."

ಹಬ್ಬದ ಮರುದಿನ ಬೆಳಗ್ಗೆ ಅವನು ನಮ್ಮ ಬಾಗಿಲಿಗೆ ಬಂದ. ಒಗೆದ ಅಂಗಿ, ಎಣ್ಣೆ ಹಚ್ಚಿದ ಕೂದಲು. ನಾನು ರೂಢಿಯ ಬಲದಿಂದ ಕೇಳಿದೆ: "ಒಂದ್ ಅರ್ಜಿ ಬರದು ಕೊಡ್ಲೇನಪಾ?"

ಅವನು ಹಿಂದೆ ಸರಿದ. "ಬ್ಯಾಡ್ರಿ ರಾಯರ. ಕೈ ಮುಗೀತೀನಿ. ಬರೇ ಬಾಯಿಲೆ ಹೇಳ್ತೀನಿ. ನೀವು ಸುಮ್ನ ನನ್ನ ಜೋಡಿ ಬರ್ರಿ."

ಸುಮ್ಮನಿರುವುದು ನನಗೆ ಹೊಸ ಕೆಲಸ. ಆದರೂ ಒಪ್ಪಿಕೊಂಡು ಆ ದಿನ ರಜೆ ಹಾಕಿದೆ. ಡ್ರೈವರುಗಳು ಸಹಿ ಮಾಡುವ ಕೋಣೆಯಲ್ಲಿ ಲೋಕೋ ಇನ್‌ಸ್ಪೆಕ್ಟರು ಕೂತಿದ್ದರು. ತಾಂಡೂರು ಕಡೆಯ ತೆಲುಗಿನವರು, ಮಾತು ಕಡಿಮೆ. ಐದಾರು ಡ್ರೈವರುಗಳು ಡ್ಯೂಟಿ ಕಾಯುತ್ತ ಬೆಂಚಿನ ಮೇಲಿದ್ದರು. ಅವರನ್ನು ಹೊರಗೆ ಕಳಿಸಿ ಎಂದು ಸಾಬಣ್ಣ ಕೇಳಲಿಲ್ಲ. ಎಲ್ಲರ ಮುಂದೆ, ಮಕ್ಬೂಲನ ಅಂಗಡಿಯಲ್ಲಿ ಹೇಳಿದ್ದನ್ನು ಅದೇ ಕ್ರಮದಲ್ಲಿ ಹೇಳಿದ. ಕಣ್ಣು ಮುಚ್ಚಿದ್ದನ್ನೂ ಹೇಳಿದ.

ಇನ್‌ಸ್ಪೆಕ್ಟರು ಪೆನ್ನಿನ ಟೋಪಿ ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಬೆಂಚಿನ ಕಡೆ ತಿರುಗಿದರು.

"ಎಮರ್ಜೆನ್ಸಿ ಬ್ರೇಕ್ ಹಾಕಿ ಕಣ್ಣು ಮುಚ್ಚಲಾರದೋರು ಯಾರದಾರಪ್ಪ ಇಲ್ಲಿ? ಕೈ ಎತ್ತಿ."

ಒಬ್ಬನೂ ಎತ್ತಲಿಲ್ಲ. ಒಬ್ಬ ಹಿರಿಯ ಡ್ರೈವರು ಕ್ಯಾಪು ತೆಗೆದು ತಲೆ ಕೆರೆದುಕೊಂಡು, "ನಾ ಅಂತೂ ನಮ್ಮವ್ವನ ಹೆಸರು ತಗೊಂಡು ಮುಚ್ಚೀನ್ರಿ, ಎರಡು ಸಲ," ಎಂದ. ಇನ್ನೊಬ್ಬ ತಾನು ಒಮ್ಮೆ ಕುಕ್ಕರುಗಾಲಲ್ಲಿ ಕೂತೇಬಿಟ್ಟಿದ್ದೆನೆಂದು ಹೇಳಿದ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಷ್ಟು ವರ್ಷ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದವರು ಒಬ್ಬರಿಗೊಬ್ಬರು ಆ ಮಾತು ಹೇಳಿರಲಿಲ್ಲ. ಸಾಬಣ್ಣ ನಡುವೆ ನಿಂತು ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿದ್ದ. ಬಹುಮಾನ ಬಂದದ್ದು ತನಗೋ ಬೇರೆಯವರಿಗೋ ತಿಳಿಯದವನಂತೆ.

ಆದರೂ ಇನ್‌ಸ್ಪೆಕ್ಟರು ನಿಯಮ ಬಿಡಲಿಲ್ಲ. ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಅವನ ಕೈಗೆ ಎಂಜಿನ್ ಕೊಡಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಕೆಲವು ವಾರ ಇನ್ನೊಬ್ಬ ಡ್ರೈವರನ ಪಕ್ಕ ಸುಮ್ಮನೆ ಕೂತು ಹೋಗಿಬರಲಿ, ಆಮೇಲೆ ನೋಡೋಣ ಎಂದರು. ಆ ವಾರಗಳಲ್ಲಿ ನಮ್ಮ ಕಟ್ಟೆಯ ಮೇಲೆ ದಿನಾ ವರದಿ ಸಲ್ಲಿಕೆಯಾಗುತ್ತಿತ್ತು. ಇವತ್ತು ಆ ಗೇಟು ದಾಟುವಾಗ ಸರಳು ಹಿಡಿದೆ. ಇವತ್ತು ಹಿಡಿಯಲಿಲ್ಲ. ಇವತ್ತು ಗೇಟಿನ ಹತ್ತಿರ ಬಂಡಿ ನಿಂತಿತ್ತು, ಕಣ್ಣು ತೆರೆದೇ ಇದ್ದೆ, ಅಂಗಿ ಮಾತ್ರ ತೊಯ್ದಿತು. ನಡುವೆ ಎರಡು ಸಂಜೆ ಅವನೂ ಮಕ್ಬೂಲನೂ ಪುಣೆಗೆ ಬರೆದರು. ಆ ಸಲ ಪರದೆ ಬಿಗಿಯಾಗಿ ಕಟ್ಟಿದ್ದರು. ಮಂಡಳಿ ತಾನಾಗಿಯೇ ಚಹಾ ಅಂಗಡಿಗೆ ಸರಿದು ನಿಂತಿತ್ತು. ನಾನೂ ಹೋಗಲಿಲ್ಲ. ಮನೆಯಲ್ಲಿದ್ದೆ, ಪತ್ರಿಕೆ ಕೆಳಗಿಟ್ಟುಕೊಂಡು. ಪದ್ಮಾವತಿ ಅದನ್ನು ಗಮನಿಸಿ ಎದುರಿಗೆ ಬಂದು ಕೂತಳು.

ತೊಗರಿ ಹೂಬಿಡುವ ಹೊತ್ತಿಗೆ ಅವನನ್ನು ಮತ್ತೆ ಡಾಕ್ಟರ ಮುಂದೆ ಕರೆದರು. ಆ ದಿನ ನಾನು ಕಚೇರಿಯಲ್ಲಿ ಒಂದು ಕಡತಕ್ಕೆ ಎರಡೇ ಸಾಲಿನ ಟಿಪ್ಪಣಿ ಬರೆದು ಕಳಿಸಿದೆ. ಸಾಹೇಬರು ಗಾಬರಿಯಾಗಿ ನನ್ನ ಆರೋಗ್ಯ ವಿಚಾರಿಸಿದರು. ಸಂಜೆ ಗಾಡಿ ವಾಡಿಗೆ ಬರುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಪ್ಲಾಟ್‌ಫಾರಂ ಮೇಲೆ ಮಹಾದೇವಿ ಓಡುತ್ತ ಬರುವುದು ಕಂಡಿತು. ಅವಳು ಓಡುವ ರೀತಿಯಿಂದ ನನಗೆ ಏನೂ ತಿಳಿಯಲಿಲ್ಲ. ಹೆಂಗಸರು ಎರಡೂ ಬಗೆಯ ಸುದ್ದಿಗೆ ಹಾಗೇ ಓಡುತ್ತಾರೆ.

"ಅಣ್ಣಾರ, ಫಿಟ್ ಅಂತ!" ಎಂದು ಅವಳು ಗಾಡಿ ನಿಲ್ಲುವ ಮೊದಲೇ ಕೂಗಿದಳು. "ನಾಳಿಗೇ ಡ್ಯೂಟಿ ಹಚ್ಚ್ಯಾರ!"

ಮರುದಿನ ನಾವು ಮೂವರೂ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ಹೋಗಿ ನಿಂತೆವು. ಮಕ್ಬೂಲ್ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಯಾರ್ಡಿನಿಂದ ಸಿಮೆಂಟಿನ ಗಾಡಿ ನಿಧಾನವಾಗಿ ಹೊರಟಿತು. ಎಂಜಿನ್ನಿನ ಕಿಟಕಿಯಲ್ಲಿ ಸಾಬಣ್ಣ. ಅವನು ನಮ್ಮ ಕಡೆ ನೋಡಲಿಲ್ಲ, ಮುಂದೆ ನೋಡುತ್ತಿದ್ದ. ಮಹಾದೇವಿ ಅವನ ಹೆಸರು ಹಿಡಿದೇ ಕೂಗಿದಳು, ಪದ್ಮಾವತಿಯೂ ಕೂಗಿದಳು, ನನ್ನ ಬಾಯಿಂದಲೂ ಒಂದು ಧ್ವನಿ ಹೊರಟಿತು, ಅದು ಯಾವ ನಮೂನೆಯಲ್ಲೂ ಬರುವಂಥದಲ್ಲ. ವ್ಯಾಗನ್ನುಗಳು ನಮ್ಮ ಕಾಲ ಕೆಳಗೆ ಒಂದಾದ ಮೇಲೊಂದು ಗುಡುಗುತ್ತ ಚಿತ್ತಾಪುರದ ದಿಕ್ಕಿಗೆ ಹೋದವು.

ಆ ಗೇಟಿನಲ್ಲಿ ನಿಧಾನಿಸಿದ ಗಾಡಿ ಸೇಡಂ ದಾಟಿ ತಾಂಡೂರನ್ನು ಸ್ವಲ್ಪ ತಡವಾಗಿ ಮುಟ್ಟಿತು.